ಮನೆಯ ಸೆಲ್ ಎಷ್ಟು ಹೊತ್ತು ಬಾಳುತ್ತದೆ? ಅಳೆದು ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆ ಗಡಿಯಾರ, ಟಿವಿ ರಿಮೋಟ್, ಟಾರ್ಚ್, ಬಿಪಿ ಮಷೀನ್, ಮಕ್ಕಳ ಕಾರು. ಹೊಲಮನೆ ಇದ್ದವರಾದರೆ ಎಣ್ಣೆ ಹೊಡೆಯುವ ಪಂಪು. ಕಲಬುರಗಿಯ ಯಾವ ಮನೆಗೆ ಹೋದರೂ ಸೆಲ್ ಅಥವಾ ಬ್ಯಾಟರಿ ಬೇಡುವ ಸಾಮಾನು ನಾಲ್ಕಾರು ಇದ್ದೇ ಇರುತ್ತವೆ. ಆದರೆ ಯಾವ ಸೆಲ್ ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನು ನಾವು ಅಂಗಡಿಯವರ ಮಾತಿಗೆ, ಇಲ್ಲವೇ ಜಾಹೀರಾತಿಗೆ ಬಿಟ್ಟುಬಿಟ್ಟಿದ್ದೇವೆ. ಇದನ್ನು ಮನೆಯಲ್ಲೇ ಅಳೆಯಬಹುದು. ಒಂದು ಅಗ್ಗದ ಮೀಟರ್, ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್, ಒಂದು ಗಡಿಯಾರ ಇದ್ದರೆ ಸಾಕು. ಶಾಲೆ ಮಕ್ಕಳು, ಅಕ್ಕಪಕ್ಕದವರು, ಹಳ್ಳಿಯ ಬಂಧುಗಳು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೀಟರ್‌ನಲ್ಲಿ 1.45 ವೋಲ್ಟ್ ತೋರಿಸುತ್ತದೆ, ಆದರೂ ಟಾರ್ಚ್ ಹತ್ತುವುದಿಲ್ಲ. ಯಾಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನೀವು ಸೆಲ್‌ಗೆ ಕೆಲಸ ಕೊಡದೆ ಅಳೆದಿದ್ದೀರಿ, ಅದಕ್ಕೇ ಹೀಗೆ. ಮೀಟರ್ ವೋಲ್ಟೇಜ್ ನೋಡುವಾಗ ಸೆಲ್‌ನಿಂದ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕಣದಲ್ಲಿ ನಿಂತ ಎತ್ತನ್ನು ನೋಡಿ ಅದು ಎಷ್ಟು ಎಳೆಯುತ್ತದೆ ಅಂತ ಹೇಳಲಾಗುವುದಿಲ್ಲ, ನೊಗ ಹೂಡಿಯೇ ನೋಡಬೇಕು. ಸೆಲ್‌ಗೂ ಹಾಗೇ ಲೋಡ್, ಅಂದರೆ ಕೆಲಸ, ಕೊಟ್ಟೇ ಅಳೆಯಬೇಕು.

ಪ್ರತಿ ಸೆಲ್‌ನ ಒಳಗೂ ಒಂದಿಷ್ಟು ತಡೆ ಇರುತ್ತದೆ. ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಹೊಸ ಆಲ್ಕಲೈನ್ (ಒಳಗೆ ಕ್ಷಾರ ಇರುವ ಜಾತಿಯ) ಪೆನ್ಸಿಲ್ ಸೆಲ್‌ನಲ್ಲಿ ಅದು ಅರ್ಧ ಓಮ್‌ಗೂ ಕಡಿಮೆ. ಸೆಲ್ ಖಾಲಿಯಾಗುತ್ತಾ ಹೋದಂತೆ ಈ ಒಳತಡೆ ಏರುತ್ತದೆ. ಒಂದು ಲೆಕ್ಕ ನೋಡಿ. ಲೋಡ್ ಇಲ್ಲದೆ 1.45 ವೋಲ್ಟ್ ತೋರಿಸುವ ಹಳೆಯ ಸೆಲ್‌ಗೆ 10 ಓಮ್ ರೆಸಿಸ್ಟರ್ ಸೇರಿಸಿದ ಕೂಡಲೇ ರೀಡಿಂಗ್ 0.95ಕ್ಕೆ ಬಿತ್ತು ಅನ್ನಿ. ಹರಿಯುವ ಕರೆಂಟ್ 0.95 ÷ 10, ಅಂದರೆ 0.095 ಆಂಪಿಯರ್. ಬಿದ್ದ ವೋಲ್ಟೇಜ್ 0.50. ಒಳತಡೆ 0.50 ÷ 0.095, ಅಂದರೆ 5 ಓಮ್‌ಗಿಂತ ಸ್ವಲ್ಪ ಜಾಸ್ತಿ. ಇಂಥ ಸೆಲ್‌ನಿಂದ ಟಾರ್ಚ್ ಹತ್ತುವುದು ಕಷ್ಟ. ಆದರೆ ಅದೇ ಸೆಲ್ ಗೋಡೆ ಗಡಿಯಾರವನ್ನು ಇನ್ನೂ ಸಾಕಷ್ಟು ದಿನ ಓಡಿಸಬಹುದು. ಗಡಿಯಾರಕ್ಕೆ ಬೇಕಾದ ಕರೆಂಟ್ ಮಿಲಿ ಆಂಪಿಯರ್‌ನ ಒಂದು ಸಣ್ಣ ಪಾಲು ಮಾತ್ರ.

ಲೋಡ್ ಇಲ್ಲದ ರೀಡಿಂಗ್‌ನಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. 1.2ಕ್ಕಿಂತ ಕೆಳಗೆ ತೋರಿಸಿದರೆ ಆ ಮಾಮೂಲಿ (ಸತು-ಇಂಗಾಲದ) ಸೆಲ್ ಮುಗಿದಂತೆಯೇ. ಆದರೆ 1.4 ಅಥವಾ 1.5 ತೋರಿಸಿದ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಅಂತ ನಂಬಬೇಡಿ.

ಏನೇನು ಸಾಮಾನು ಬೇಕು?

ಡಿಜಿಟಲ್ ಮಲ್ಟಿಮೀಟರ್ ಒಂದು. ಹಳದಿ ಬಣ್ಣದ ಅಗ್ಗದ ಮೀಟರ್ ಆದರೂ ನಡೆಯುತ್ತದೆ. 10 ಓಮ್ ರೆಸಿಸ್ಟರ್ ಒಂದು, ಪೆನ್ಸಿಲ್ ಸೆಲ್ ಕೂರುವ ಹೋಲ್ಡರ್ ಒಂದು, ಎರಡೂ ತುದಿಗೆ ಕ್ಲಿಪ್ ಇರುವ ನಾಲ್ಕು ವೈರು, ಒಂದು ನೋಟ್‌ಬುಕ್. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದರೆ ಎಲ್ಲ ಸಿಗುತ್ತವೆ. ಬೀದರ್, ಯಾದಗಿರಿಯಲ್ಲೂ ಟಿವಿ, ಮಿಕ್ಸರ್ ರಿಪೇರಿ ಮಾಡುವವರ ಹತ್ತಿರ ಕೇಳಿ ನೋಡಿ.

ರೆಸಿಸ್ಟರ್ ಕೊಳ್ಳುವಾಗ ವ್ಯಾಟ್ ಹೇಳುವುದನ್ನು ಮರೆಯಬೇಡಿ. 10 ಓಮ್ ಮೇಲೆ 1.6 ವೋಲ್ಟ್ ಬಂದರೆ ಅದು ಸುಮಾರು 0.26 ವ್ಯಾಟ್ ಶಾಖ ಹೊರಹಾಕುತ್ತದೆ. ಸಾಮಾನ್ಯವಾಗಿ ಕೊಡುವ ಸಣ್ಣ ಕಾಲು ವ್ಯಾಟ್ ರೆಸಿಸ್ಟರ್ ಇದನ್ನು ಗಂಟೆಗಟ್ಟಲೆ ತಡೆಯುವುದಿಲ್ಲ. ಬಿಸಿಯಾದರೆ ಅದರ ಓಮ್ ಕೂಡ ಸ್ವಲ್ಪ ಬದಲಾಗುತ್ತದೆ. 1 ಅಥವಾ 2 ವ್ಯಾಟ್‌ನದು ಕೇಳಿ ತಗೊಳ್ಳಿ. ಪಟ್ಟಿಗಳ ಬಣ್ಣ ಕಂದು, ಕಪ್ಪು, ಕಪ್ಪು ಇದ್ದರೆ ಅದು 10 ಓಮ್. ಮನೆಗೆ ತಂದ ಮೇಲೆ ಮೀಟರ್‌ನಿಂದ ಒಮ್ಮೆ ನೋಡಿ. ಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಎಷ್ಟು ತೋರಿಸುತ್ತದೋ ಅಷ್ಟನ್ನು ಕಳೆಯಿರಿ. ಬರುವ ಸಂಖ್ಯೆ 9.8 ಇದ್ದರೆ ಲೆಕ್ಕದಲ್ಲಿ 9.8 ಅಂತಲೇ ಹಾಕಿ.

ಇನ್ನೆರಡು ಎಚ್ಚರಿಕೆ. ಮೀಟರ್‌ನ ಕೆಂಪು ವೈರು 10 ಆಂಪಿಯರ್ ತೂತಿನಲ್ಲಿ ಇದ್ದಾಗ ಅದನ್ನು ನೇರವಾಗಿ ಸೆಲ್‌ಗೆ ತಾಗಿಸಬೇಡಿ, ಅದು ಶಾರ್ಟ್ ಮಾಡಿದಂತೆ. ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಿದ್ದರೆ ಅಗ್ಗದ ಮೀಟರ್‌ಗಳು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತವೆ. ಹೊಸ ಸೆಲ್ 1.8 ತೋರಿಸಿತು ಅಂತ ಖುಷಿಪಡುವ ಮೊದಲು ಮೀಟರ್‌ನ ಬ್ಯಾಟರಿ ಬದಲಿಸಿ ನೋಡಿ.

10 ಓಮ್ ಯಾಕೆ? ಬೇರೆ ಹಾಕಬಾರದಾ?

ಧಾರಾಳವಾಗಿ ಹಾಕಬಹುದು. 10 ಓಮ್ ಆದರೆ ಲೆಕ್ಕ ಸುಲಭ, ವೋಲ್ಟೇಜನ್ನು ಹತ್ತರಿಂದ ಭಾಗಿಸಿದರೆ ಕರೆಂಟ್ ಬಂತು. ಸುಮಾರು 150 ಮಿಲಿ ಆಂಪಿಯರ್‌ನಿಂದ ಶುರುವಾಗುತ್ತದೆ. ಸಣ್ಣ ಟಾರ್ಚು, ರೇಡಿಯೊಗಳ ಕೆಲಸಕ್ಕೆ ಇದು ಹತ್ತಿರದ ಅಳತೆ. ಮೋಟಾರ್ ಇರುವ ಆಟಿಕೆಗೆ ಸೆಲ್ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ 3.9 ಓಮ್ ಹಾಕಿ. ಪೆನ್ಸಿಲ್ ಸೆಲ್‌ಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ ಆಟಿಕೆಯ ಪರೀಕ್ಷೆಗೆ ಇರುವುದು ಇದೇ 3.9 ಓಮ್, ದಿನಕ್ಕೆ 1 ಗಂಟೆ, 0.8 ವೋಲ್ಟ್‌ಗೆ ಇಳಿಯುವ ತನಕ.

ನನ್ನ ಮಾತು ಇಷ್ಟೇ. ನಿಮ್ಮ ಸಾಮಾನು ಎಷ್ಟು ಕರೆಂಟ್ ಎಳೆಯುತ್ತದೋ ಅಷ್ಟರ ಆಸುಪಾಸಿನಲ್ಲಿ ಅಳೆಯಿರಿ. ಒಂದೇ ಆಲ್ಕಲೈನ್ ಪೆನ್ಸಿಲ್ ಸೆಲ್ ಸ್ವಲ್ಪ ಸ್ವಲ್ಪವೇ ಎಳೆದರೆ 2,000ದಿಂದ 2,800 ಮಿಲಿ ಆಂಪಿಯರ್ ಅವರ್ (ಕರೆಂಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಕೊಡುತ್ತದೆ. 1 ಆಂಪಿಯರ್ ಎಳೆದರೆ ಅರ್ಧದ ಆಸುಪಾಸಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಈ ಸೆಲ್‌ನ ಸಾಮರ್ಥ್ಯ ಎಷ್ಟು ಅಂತ ಯಾರಾದರೂ ಕೇಳಿದರೆ, ಯಾವ ಲೋಡ್‌ನಲ್ಲಿ ಅಂತ ತಿರುಗಿ ಕೇಳಬೇಕು.

ಅಳೆಯುವ ಕ್ರಮ ಹೇಳಿ.

ಮೊದಲು ಲೋಡ್ ಇಲ್ಲದ ವೋಲ್ಟೇಜ್ ಬರೆದುಕೊಳ್ಳಿ. ಹೊಸ ಮಾಮೂಲಿ ಸೆಲ್, ಹೊಸ ಆಲ್ಕಲೈನ್ ಎರಡೂ 1.6ರ ಹತ್ತಿರ ತೋರಿಸುತ್ತವೆ. ಸೆಲ್ ಮೇಲೆ ಅಂಟುಪಟ್ಟಿ ಹಚ್ಚಿ 'ಅ', 'ಆ' ಅಂತ ಗುರುತು ಮಾಡಿ. ಖರೀದಿಸಿದ ದಿನ, ಸೆಲ್ ಮೇಲಿನ ಅವಧಿ, ಬೆಲೆ, ಕೋಣೆಯ ಉಷ್ಣಾಂಶ ಎಲ್ಲ ಹಾಳೆಯ ಮೇಲ್ಗಡೆ ಇರಲಿ. ಉಷ್ಣಾಂಶ ಬಿಡಬೇಡಿ. ನಮ್ಮ ಕಡೆ ಅದು ಬಹಳ ಮುಖ್ಯ, ಮುಂದೆ ಹೇಳುತ್ತೇನೆ.

ಆಮೇಲೆ ರೆಸಿಸ್ಟರ್ ಸೇರಿಸಿ, ಸಮಯ ಬರೆಯಿರಿ. ಮೊದಲ ಹತ್ತು ನಿಮಿಷ ವೋಲ್ಟೇಜ್ ಬೇಗ ಬೇಗ ಇಳಿಯುತ್ತದೆ, ಆಗ ನಿಮಿಷಕ್ಕೊಂದು ರೀಡಿಂಗ್ ತಗೊಳ್ಳಿ. ನಂತರ ಅರ್ಧ ಗಂಟೆಗೊಮ್ಮೆ ಸಾಕು. 1.1 ದಾಟಿ ಕೆಳಗೆ ಬಂದ ಮೇಲೆ ಮತ್ತೆ ಹತ್ತು ನಿಮಿಷಕ್ಕೊಮ್ಮೆ ನೋಡಿ. ಕೊನೆಯ ಇಳಿತ ಕಡಿದಾಗಿರುತ್ತದೆ.

ಇಲ್ಲೊಂದು ಸಣ್ಣ ವಿಷಯಕ್ಕೆ ಬಹಳ ಜನ ಗಮನ ಕೊಡುವುದಿಲ್ಲ. ಅಗ್ಗದ ಕ್ಲಿಪ್ ವೈರುಗಳಲ್ಲೇ ಅರ್ಧ ಓಮ್‌ವರೆಗೆ ತಡೆ ಇರಬಹುದು. ಕ್ಲಿಪ್ ಒಳಗೆ ವೈರನ್ನು ಬೆಸುಗೆ ಹಾಕದೆ ಸುಮ್ನೆ ಒತ್ತಿ ಮಡಚಿರುತ್ತಾರೆ. ಅದಕ್ಕೆ ಎರಡು ಜಾಗದಲ್ಲಿ ಅಳೆಯಿರಿ. ಸೆಲ್‌ನ ಎರಡು ತುದಿಗೇ ಮೀಟರ್ ಕಡ್ಡಿ ಮುಟ್ಟಿಸಿದರೆ ಸೆಲ್‌ನ ವೋಲ್ಟೇಜ್ ಬರುತ್ತದೆ. ರೆಸಿಸ್ಟರ್‌ನ ಎರಡು ಕಾಲಿಗೆ ಮುಟ್ಟಿಸಿದ ರೀಡಿಂಗನ್ನು ಅದರ ಓಮ್‌ನಿಂದ ಭಾಗಿಸಿದರೆ ಕರೆಂಟ್ ಬರುತ್ತದೆ. ಎರಡರ ನಡುವೆ ಅಂತರ ಕಂಡರೆ ಅದು ವೈರು ಮತ್ತು ಹೋಲ್ಡರ್ ಸ್ಪ್ರಿಂಗ್ ತಿಂದದ್ದು. ವೈರು ಅಲುಗಾಡಿಸಿದಾಗ ಸಂಖ್ಯೆ ಕುಣಿದರೆ ಕ್ಲಿಪ್ ಬದಲಿಸಿ, ಇಲ್ಲವೇ ಬೆಸುಗೆ ಹಾಕಿಸಿ.

ರೀಡಿಂಗ್ ಎಲ್ಲ ಬರೆದೆ. ಮಿಲಿ ಆಂಪಿಯರ್ ಅವರ್ ಹೇಗೆ ತೆಗೆಯುವುದು?

ಲೆಕ್ಕಕ್ಕೆ ಒಂದು ಮಾದರಿ ಕೊಡುತ್ತೇನೆ. 10 ಓಮ್ ಲೋಡ್ ಮೇಲೆ ಒಂದು ಮಾಮೂಲಿ ಪೆನ್ಸಿಲ್ ಸೆಲ್ ಶುರುವಿನಲ್ಲಿ 1.48, ಒಂದು ಗಂಟೆಗೆ 1.32, ಎರಡಕ್ಕೆ 1.24, ಮೂರಕ್ಕೆ 1.16, ನಾಲ್ಕಕ್ಕೆ 1.07, ಐದಕ್ಕೆ 0.90 ವೋಲ್ಟ್ ತೋರಿಸಿತು ಅನ್ನಿ.

ಪ್ರತಿ ಗಂಟೆಯ ಶುರು ಮತ್ತು ಕೊನೆಯ ಸರಾಸರಿ ತೆಗೆಯಿರಿ: 1.40, 1.28, 1.20, 1.115, 0.985. ಕೂಡಿಸಿದರೆ 5.98. ಇದನ್ನು 10 ಓಮ್‌ನಿಂದ ಭಾಗಿಸಿದರೆ 0.598 ಆಂಪಿಯರ್ ಅವರ್, ಅಂದರೆ 598 ಮಿಲಿ ಆಂಪಿಯರ್ ಅವರ್. ಅಷ್ಟೇ. ಎಂಟನೇ ತರಗತಿ ಮಕ್ಕಳೂ ಮಾಡಬಲ್ಲ ಲೆಕ್ಕ.

ಇದರ ಜೊತೆಗೆ ವ್ಯಾಟ್ ಅವರ್, ಅಂದರೆ ಸಿಕ್ಕ ಒಟ್ಟು ಶಕ್ತಿ, ಕೂಡ ತೆಗೆಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಪ್ರತಿ ರೀಡಿಂಗ್‌ನ ವರ್ಗ ಮಾಡಿ, ಇದೇ ರೀತಿ ಸರಾಸರಿ ತೆಗೆದು, ಕೂಡಿಸಿ, ಓಮ್‌ನಿಂದ ಭಾಗಿಸಿ. ಈ ಮಾದರಿಗೆ ಸುಮಾರು 0.73 ವ್ಯಾಟ್ ಅವರ್ ಬರುತ್ತದೆ. ಬೇರೆ ಬೇರೆ ವೋಲ್ಟೇಜಿನ ಸೆಲ್‌ಗಳನ್ನು ಹೋಲಿಸುವಾಗ ಬರೀ ಮಿಲಿ ಆಂಪಿಯರ್ ಅವರ್ ನೋಡಿದರೆ ದಾರಿ ತಪ್ಪುತ್ತೇವೆ. ಬೆಲೆಯಿಂದ ಭಾಗಿಸಿದರೆ ಒಂದು ರೂಪಾಯಿಗೆ ಎಷ್ಟು ಶಕ್ತಿ ಸಿಕ್ಕಿತು ಅಂತಲೂ ಗೊತ್ತಾಗುತ್ತದೆ. ಮನೆ ನಡೆಸುವವರಿಗೆ ನಿಜವಾಗಿ ಬೇಕಾದದ್ದು ಇದೇ ಅಲ್ವಾ?

ಗ್ರಾಫ್ ಹಾಕಿದರೆ ಏನು ಕಾಣುತ್ತದೆ?

ಅಡ್ಡಗೆರೆಯಲ್ಲಿ ಗಂಟೆ, ಉದ್ದಗೆರೆಯಲ್ಲಿ ವೋಲ್ಟ್ ಹಾಕಿ. ಮಾಮೂಲಿ ಸತು-ಇಂಗಾಲದ ಸೆಲ್ ಒಂದೇ ಸಮನೆ ಇಳಿಜಾರಾಗಿ ಬರುತ್ತದೆ. ಆಲ್ಕಲೈನ್ ಕೂಡ ಇಳಿಯುತ್ತದೆ, ಆದರೆ ಬಹಳ ನಿಧಾನ. ರೀಚಾರ್ಜ್ ಆಗುವ ನಿಕ್ಕಲ್ ಸೆಲ್ 1.2ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸಪಾಟಾಗಿ ಓಡಿ, ಕೊನೆಯಲ್ಲಿ ಧಡಕ್ಕನೆ ಬೀಳುತ್ತದೆ. ಬಿಸಾಡುವ ಜಾತಿಯ ಲಿಥಿಯಂ ಪೆನ್ಸಿಲ್ ಸೆಲ್ ಕೂಡ ಸಪಾಟೇ, ಇನ್ನೂ ಎತ್ತರದಲ್ಲಿ.

ಈಚೆಗೆ ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟ್ ಪೆನ್ಸಿಲ್ ಸೆಲ್‌ಗಳು ಬಂದಿವೆ. ಅವುಗಳ ಒಳಗೆ ಲಿಥಿಯಂ ಅಯಾನ್ ಸೆಲ್ ಮತ್ತು ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಗ್ರಾಫ್ ಗೆರೆ ಎಳೆದಂತೆ 1.5ರಲ್ಲೇ ಇದ್ದು, ಮುಗಿದಾಗ ಒಮ್ಮೆಲೇ ಕೆಳಗೆ ಬೀಳುತ್ತದೆ. ಇವುಗಳಲ್ಲಿ ಎಷ್ಟು ಉಳಿದಿದೆ ಅಂತ ವೋಲ್ಟೇಜ್ ನೋಡಿ ಹೇಳಲು ಸಾಧ್ಯವೇ ಇಲ್ಲ.

ಎಲ್ಲಿಗೆ ನಿಲ್ಲಿಸಬೇಕು?

ಮಾಮೂಲಿ ಮತ್ತು ಆಲ್ಕಲೈನ್ ಸೆಲ್‌ಗೆ 0.9 ಅಥವಾ 0.8 ವೋಲ್ಟ್. ರೀಚಾರ್ಜ್ ಆಗುವ ನಿಕ್ಕಲ್ ಸೆಲ್‌ಗೆ 1.0. ಅದಕ್ಕಿಂತ ಕೆಳಗೆ ಎಳೆದರೆ ಆ ಸೆಲ್‌ನ ಆಯಸ್ಸಿಗೆ ಪೆಟ್ಟು.

ಆದರೆ ನಿಮ್ಮ ಮನೆಯ ಸಾಮಾನಿಗೆ ಅದರದೇ ಗಡಿ ಇರುತ್ತದೆ. ಬಿಪಿ ಮಷೀನ್ ನೋಡಿ. ಕೈಗೆ ಕಟ್ಟಿದ ಪಟ್ಟಿಗೆ ಗಾಳಿ ತುಂಬುವ ಮೋಟಾರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಸೆಲ್‌ಗಳಲ್ಲಿ ಇನ್ನೂ ಸಾಕಷ್ಟು ಉಳಿದಿರುವಾಗಲೇ ಅದು ಬ್ಯಾಟರಿ ಬದಲಿಸಿ ಅನ್ನುತ್ತದೆ. ಆ ಸೆಲ್ ಎಸೆಯಬೇಡಿ. ರಿಮೋಟ್‌ಗೆ, ಗಡಿಯಾರಕ್ಕೆ ಹಾಕಿ. ಗ್ರಾಫ್‌ನಲ್ಲಿ 1.2ರ ಹತ್ತಿರ ಒಂದು ಅಡ್ಡಗೆರೆ, 0.9ರ ಹತ್ತಿರ ಇನ್ನೊಂದು ಎಳೆದು ನೋಡಿ. ಎರಡರ ನಡುವೆ ಇರುವುದೆಲ್ಲ ಬಹಳ ಮನೆಗಳಲ್ಲಿ ಕಸದ ಬುಟ್ಟಿಗೆ ಹೋಗುತ್ತಿರುವ ಶಕ್ತಿ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಒಂದೇ ಸಮನೆ ಓಡಿಸಬೇಕೋ, ಬಿಟ್ಟು ಬಿಟ್ಟು ಓಡಿಸಬೇಕೋ?

ನೀವು ಬಳಸುವ ಹಾಗೆ ಓಡಿಸಿ. ಟಾರ್ಚನ್ನು ಯಾರೂ ಐದು ಗಂಟೆ ಒಂದೇ ಸಮ ಹಚ್ಚಿಡುವುದಿಲ್ಲ. ಮಾಮೂಲಿ ಸೆಲ್‌ಗೆ ವಿಶ್ರಾಂತಿ ಕೊಟ್ಟರೆ ಒಳಗಿನ ರಾಸಾಯನಿಕಗಳು ಮತ್ತೆ ಹರಡಿಕೊಳ್ಳಲು ಸಮಯ ಸಿಗುತ್ತದೆ, ವೋಲ್ಟೇಜ್ ಸ್ವಲ್ಪ ಮೇಲೇಳುತ್ತದೆ, ಒಟ್ಟು ಸಿಗುವ ಗಂಟೆಗಳೂ ಹೆಚ್ಚುತ್ತವೆ. ಆಲ್ಕಲೈನ್‌ನಲ್ಲಿ ಈ ವ್ಯತ್ಯಾಸ ಕಡಿಮೆ. ಎರಡು ಸೆಲ್ ಹೋಲಿಸುವಾಗ ಮಾತ್ರ ಎರಡಕ್ಕೂ ಒಂದೇ ಕ್ರಮ ಇರಲಿ. ಒಂದಕ್ಕೆ ರಾತ್ರಿ ವಿಶ್ರಾಂತಿ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋದರೆ ಹೋಲಿಕೆಗೆ ಅರ್ಥವಿಲ್ಲ.

ಸೆಲ್ ಬಿಸಿಲಿಗೆ ಇಟ್ಟರೆ ಮತ್ತೆ ಚಾರ್ಜ್ ಆಗ್ತದಲ್ರೀ?

ಮಾಳಿಗೆ ಮೇಲೆ, ಕಿಟಕಿಯಲ್ಲಿ ಸೆಲ್ ಒಣಗಿಸಲು ಇಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಇಟ್ಟು ತೆಗೆದ ಮೇಲೆ ರಿಮೋಟ್ ಕೆಲಸ ಮಾಡುವುದೂ ನಿಜ. ಆದರೆ ಚಾರ್ಜ್ ಆಗುವುದಿಲ್ಲ.

ಅಲ್ಲಿ ಎರಡು ಸಂಗತಿ ನಡೆಯುತ್ತವೆ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಒಳತಡೆ ತಾತ್ಕಾಲಿಕವಾಗಿ ಇಳಿಯುತ್ತದೆ. ಜೊತೆಗೆ, ಬಿಸಿಲಲ್ಲಿದ್ದ ಅಷ್ಟೂ ಹೊತ್ತು ಸೆಲ್‌ಗೆ ವಿಶ್ರಾಂತಿ ಸಿಕ್ಕಿರುತ್ತದೆ. ಬಹಳ ಪಾಲು ಕೆಲಸ ಮಾಡುವುದು ಈ ವಿಶ್ರಾಂತಿಯೇ. ಇದನ್ನು ಮಕ್ಕಳಿಂದ ಮಾಡಿಸಿ ನೋಡಿ, ಚೆಂದದ ಪ್ರಯೋಗ. ಒಂದೇ ಟಾರ್ಚ್‌ನಿಂದ ತೆಗೆದ ಎರಡು ಸೆಲ್ ತಗೊಳ್ಳಿ. ಎರಡನ್ನೂ 10 ಓಮ್ ಲೋಡ್ ಮೇಲೆ ಅಳೆಯಿರಿ. ಒಂದನ್ನು ಬಿಸಿಲಿಗೆ, ಒಂದನ್ನು ಒಳಗೆ ನೆರಳಿಗೆ ಇಡಿ. ಎರಡು ಗಂಟೆ ಬಿಟ್ಟು ಎರಡನ್ನೂ ಲೋಡ್ ಮೇಲೆ ಅಳೆಯಿರಿ, ಅರ್ಧ ಗಂಟೆ ಹಾಗೇ ಓಡಿಸಿ. ನೆರಳಲ್ಲಿದ್ದದ್ದು ಕೂಡ ಮೇಲೆದ್ದಿರುತ್ತದೆ. ಬಿಸಿಲಲ್ಲಿದ್ದದ್ದು ಸ್ವಲ್ಪ ಜಾಸ್ತಿ ತೋರಿಸಿದರೂ ತಣ್ಣಗಾಗುತ್ತಾ ಹೋದಂತೆ ಆ ಅಂತರ ಕರಗುತ್ತದೆ.

ನಮ್ಮ ಮೇ ತಿಂಗಳ ಬಿಸಿಲಿಗಂತೂ ಇಡಲೇಬೇಡಿ. ನೆರಳಲ್ಲೇ 40 ಡಿಗ್ರಿ ದಾಟಿರುತ್ತದೆ, ಕಾದ ಮಾಳಿಗೆಯ ಮೇಲೆ ಇನ್ನೂ ಎಷ್ಟೋ ಜಾಸ್ತಿ. ಒಳಗಿನ ತೇವ ಆರುತ್ತದೆ, ಒತ್ತಡ ಏರುತ್ತದೆ, ಸೆಲ್ ಸೋರುತ್ತದೆ. ಸೆಲ್ ಕಚ್ಚುವುದು, ಕಲ್ಲಿನಿಂದ ಜಜ್ಜುವುದು ಕೂಡ ಬೇಡ.

ರಿಮೋಟ್‌ನಲ್ಲಿ ಸೆಲ್ ಸುಮ್ನೆ ತಿರುಗಿಸಿದರೂ ಒಮ್ಮೊಮ್ಮೆ ನಡೆಯುತ್ತದೆ. ಅದಕ್ಕೆ ಕಾರಣ ಬೇರೆ. ಸ್ಪ್ರಿಂಗ್ ಮೇಲೆ ಕಟ್ಟಿದ ಕಿಲುಬು ಉಜ್ಜಿ ಹೋಗಿರುತ್ತದೆ.

ಹಾಗಾದರೆ ನಮ್ಮ ಬೇಸಿಗೆಯಲ್ಲಿ ಸುಮ್ಮನೆ ಇಟ್ಟ ಸೆಲ್ ಕೂಡ ಇಳಿಯುತ್ತದಾ?

ಇಳಿಯುತ್ತದೆ. ಬಳಸದೆ ಇಟ್ಟರೂ ಒಳಗೆ ನಿಧಾನವಾಗಿ ಕ್ರಿಯೆ ನಡೆಯುತ್ತಲೇ ಇರುತ್ತದೆ. 20 ಡಿಗ್ರಿಯಲ್ಲಿ ಇಟ್ಟ ಆಲ್ಕಲೈನ್ ವರ್ಷಕ್ಕೆ ನೂರಕ್ಕೆ 2–3ರಷ್ಟು ಮಾತ್ರ ಕಳೆದುಕೊಳ್ಳುತ್ತದೆ. ಪ್ರತಿ 10 ಡಿಗ್ರಿ ಏರಿದಾಗ ಈ ವೇಗ ಸುಮಾರು ದುಪ್ಪಟ್ಟು ಅಂತ ಅಂದಾಜು ಇಟ್ಟುಕೊಳ್ಳಬಹುದು. ಅಂದರೆ 40 ಡಿಗ್ರಿ ಕೋಣೆಯಲ್ಲಿ ನಾಲ್ಕು ಪಟ್ಟು. ಹಳೆಯ ಮಾದರಿಯ ನಿಕ್ಕಲ್ ರೀಚಾರ್ಜ್ ಸೆಲ್ ಮೊದಲ ತಿಂಗಳಲ್ಲೇ ಐದನೇ ಒಂದು ಪಾಲು ಕಳೆದುಕೊಳ್ಳಬಹುದು. ಈಗಿನ 'ರೆಡಿ ಟು ಯೂಸ್' ಅಂತ ಬರೆದ ಮಾದರಿಗಳು ವರ್ಷದ ನಂತರವೂ ಮುಕ್ಕಾಲು ಪಾಲಿನ ಆಸುಪಾಸು ಉಳಿಸಿಕೊಳ್ಳುತ್ತವೆ.

ಕಲ್ಲಿನ ಚಾವಣಿಯ ಮನೆಗಳಲ್ಲಿ ಸಂಜೆಯಾದರೂ ಅಟ್ಟ ಕಾದೇ ಇರುತ್ತದೆ. ಸೆಲ್ ಡಬ್ಬಿ ಅಟ್ಟದ ಮೇಲೆ ಬೇಡ. ಕೆಳಗಿನ ಕೋಣೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಹತ್ತಿರದ ಗೂಡಿನಲ್ಲಿ ಇಡಿ. ಪ್ರಯೋಗಕ್ಕೂ ಅದೇ ಒಳ್ಳೆಯ ಜಾಗ, ಹಗಲು ರಾತ್ರಿ ಉಷ್ಣಾಂಶ ಜಾಸ್ತಿ ಏರಿಳಿಯುವುದಿಲ್ಲ. ಕೂಲರ್ ಗಾಳಿ ಬೀಸುವ ಕಡೆ ಬೇಡ, ತೇವಕ್ಕೆ ಸ್ಪ್ರಿಂಗ್ ಕಿಲುಬು ಹಿಡಿಯುತ್ತದೆ. ಫ್ರಿಜ್ ಬೇಡವೇ ಬೇಡ. ಹೊರಗೆ ತೆಗೆದಾಗ ಸೆಲ್ ಮೇಲೆ ನೀರು ಕೂರುತ್ತದೆ.

ಬೀದರ್ ಎತ್ತರದಲ್ಲಿದೆ, ಅಲ್ಲಿ ಚಳಿಗಾಲ ಜೋರು. ತಣ್ಣಗಿನ ಬೆಳಗ್ಗೆ ಅಳೆದ ಸೆಲ್, ಮಧ್ಯಾಹ್ನ ಅಳೆದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಳೆಯ ಮೇಲೆ ಉಷ್ಣಾಂಶ ಬರೆಯಲು ಹೇಳಿದ್ದು ಇದಕ್ಕೇ.

"ಇದು ಹೆವಿ ಡ್ಯೂಟಿ ಅದರೀ" ಅಂತ ಅಂಗಡಿಯಲ್ಲಿ ಕೊಟ್ಟರು. ಆಲ್ಕಲೈನ್‌ಗಿಂತ ಒಳ್ಳೆಯದಾ?

ಅಲ್ಲ. ಹೆವಿ ಡ್ಯೂಟಿ, ಸೂಪರ್ ಹೆವಿ ಡ್ಯೂಟಿ ಅಂತ ಬರೆದಿರುವುದು ಸತು-ಇಂಗಾಲದ ಜಾತಿಯ ಸೆಲ್‌ಗಳ ಮೇಲೆ. ಅಂಗಡಿಯವರು ಸುಳ್ಳು ಹೇಳಿದ್ದಲ್ಲ, ಪ್ಯಾಕ್ ಮೇಲೆ ಹಾಗೇ ಇರುತ್ತದೆ. ಸೆಲ್ ಮೇಲಿನ ಸಣ್ಣ ಅಕ್ಷರ ನೋಡಿ. ಪೆನ್ಸಿಲ್ ಸೆಲ್‌ನಲ್ಲಿ 'ಆರ್6' ಅಂತಿದ್ದರೆ ಮಾಮೂಲಿ, 'ಎಲ್‌ಆರ್6' ಅಂತಿದ್ದರೆ ಆಲ್ಕಲೈನ್, 'ಎಚ್‌ಆರ್6' ಅಂತಿದ್ದರೆ ರೀಚಾರ್ಜ್ ಆಗುವ ನಿಕ್ಕಲ್. ಸಣ್ಣ ಪೆನ್ಸಿಲ್ ಸೆಲ್‌ಗೆ 6ರ ಬದಲು 03, ದಪ್ಪ ಟಾರ್ಚ್ ಸೆಲ್‌ಗೆ 20.

ಗಡಿಯಾರಕ್ಕೆ, ರಿಮೋಟ್‌ಗೆ ಮಾಮೂಲಿ ಸೆಲ್ ಸಾಕು. ಆಟಿಕೆ, ಬಿಪಿ ಮಷೀನ್, ಜೋರು ಬೆಳಕಿನ ಟಾರ್ಚ್‌ಗೆ ಆಲ್ಕಲೈನ್ ಅಥವಾ ರೀಚಾರ್ಜ್ ಸೆಲ್ ಲಾಭ. ಇದನ್ನೂ ಕುರುಡಾಗಿ ನಂಬಬೇಡಿ, ಮೇಲಿನ ಲೆಕ್ಕ ಹಾಕಿ ರೂಪಾಯಿಗೆ ಎಷ್ಟು ಅಂತ ನೋಡಿ.

ರೀಚಾರ್ಜ್ ಸೆಲ್ ಬರೀ 1.2 ವೋಲ್ಟ್. ಕಡಿಮೆ ಆಯ್ತಲ್ಲ?

ಗ್ರಾಫ್ ಹಾಕಿದವರಿಗೆ ಈ ಅನುಮಾನ ಉಳಿಯುವುದಿಲ್ಲ. ಆಲ್ಕಲೈನ್ 1.5ರಿಂದ ಶುರುವಾದರೂ ಸುಮಾರು ಅರ್ಧ ದಾರಿಗೆ ಬರುವಷ್ಟರಲ್ಲಿ 1.2ಕ್ಕೆ ಇಳಿದಿರುತ್ತದೆ. ನಿಕ್ಕಲ್ ಸೆಲ್ ಮೊದಲಿನಿಂದ ಕೊನೆಯವರೆಗೂ 1.2ರ ಆಸುಪಾಸಿನಲ್ಲೇ ಇರುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದರೆ ಗೆರೆಗಳು ಒಂದನ್ನೊಂದು ದಾಟುವುದು ಕಣ್ಣಿಗೇ ಕಾಣುತ್ತದೆ. ಜಾಸ್ತಿ ಕರೆಂಟ್ ಎಳೆದರೆ ಇನ್ನೂ ಬೇಗ ದಾಟುತ್ತವೆ.

ಸೆಲ್ ನೆಲಕ್ಕೆ ಬೀಳಿಸಿ, ಪುಟಿದರೆ ಖಾಲಿ ಅಂತಾರೆ. ನಿಜಾನಾ?

ಆಲ್ಕಲೈನ್‌ಗೆ ಅರ್ಧ ನಿಜ. ಬಳಸುತ್ತಾ ಹೋದಂತೆ ಒಳಗಿನ ಸತುವಿನ ಪುಡಿ ಸತುವಿನ ಆಕ್ಸೈಡ್ ಆಗಿ ಗಟ್ಟಿಯಾಗುತ್ತದೆ, ಸೆಲ್ ಪುಟಿಯುತ್ತದೆ. ಆದರೆ 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ, ಸುಮಾರು ಅರ್ಧ ಖಾಲಿಯಾಗುವಷ್ಟರಲ್ಲೇ ಪುಟಿತ ಗರಿಷ್ಠಕ್ಕೆ ಮುಟ್ಟುತ್ತದೆ ಅಂತ ಗೊತ್ತಾಯಿತು. ಪುಟಿದರೆ ಹೊಸದಲ್ಲ ಅಂತ ಹೇಳಬಹುದು, ಮುಗಿದಿದೆ ಅಂತ ಹೇಳಲಾಗದು.

ರಾತ್ರಿಯೆಲ್ಲ ಎದ್ದು ರೀಡಿಂಗ್ ಬರೆಯಬೇಕಾ?

ಬೇಡ. ಹಳೆಯ ಮೊಬೈಲ್ ಇದ್ದರೆ ಮೀಟರ್ ಮತ್ತು ಗಡಿಯಾರ ಎರಡೂ ಕಾಣುವ ಹಾಗೆ ನಿಲ್ಲಿಸಿ, ಟೈಮ್ ಲ್ಯಾಪ್ಸ್‌ಗೆ ಹಾಕಿ. ಬೆಳಗ್ಗೆ ನೋಡಿ ಬರೆದುಕೊಳ್ಳಿ. ತಾನಾಗಿ ಆಫ್ ಆಗುವ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ.

ಆರ್ಡುಯಿನೊ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಗೊತ್ತಿರುವ ಹುಡುಗ ಹುಡುಗಿಯರು ಅದರಿಂದ ರೀಡಿಂಗ್ ತೆಗೆಯಬಹುದು. ಅದರ ಮಾಮೂಲಿ ಊನೊ ಮಾದರಿಯ ಬೋರ್ಡ್ 5 ವೋಲ್ಟನ್ನು 1,024 ಪಾಲು ಮಾಡುತ್ತದೆ, ಒಂದು ಪಾಲು ಸುಮಾರು 5 ಮಿಲಿ ವೋಲ್ಟ್. ನಮಗೆ ಅಷ್ಟು ಸಾಕು. ಆದರೆ ಆ 5 ವೋಲ್ಟ್ ಸರಿಯಾಗಿ 5 ಇರುವುದಿಲ್ಲ, ಲ್ಯಾಪ್‌ಟಾಪ್, ಚಾರ್ಜರ್ ಬದಲಾದಂತೆ ಬದಲಾಗುತ್ತದೆ. ಮೊದಲು ಮೀಟರ್‌ನಿಂದ ಬೋರ್ಡಿನ 5 ವೋಲ್ಟ್ ಕಾಲನ್ನು ಅಳೆದು ಆ ಸಂಖ್ಯೆಯನ್ನೇ ಪ್ರೋಗ್ರಾಂನಲ್ಲಿ ಹಾಕಿ. ಕರೆಂಟ್ ಹೋದರೆ ರೆಕಾರ್ಡ್ ನಿಲ್ಲುತ್ತದೆ, ಸೆಲ್ ಮಾತ್ರ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಬೋರ್ಡನ್ನು ಪವರ್ ಬ್ಯಾಂಕ್‌ನಿಂದ ಓಡಿಸಿ, ಪ್ರತಿ ರೀಡಿಂಗ್ ಜೊತೆ ಸಮಯವನ್ನೂ ಬರೆಸಿ. ವೋಲ್ಟೇಜ್ ಇಳಿದಾಗ ಲೋಡ್ ಕಡಿಯುವ ರಿಲೇ (ಬೋರ್ಡ್ ಓಡಿಸುವ ಸ್ವಿಚ್) ಒಂದು ಸೇರಿಸಿದರೆ ರೀಚಾರ್ಜ್ ಸೆಲ್ ಕೂಡ ಸುರಕ್ಷಿತ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿ ಮಾದರಿ ಮಾಡುವ ಮಕ್ಕಳಿಗೆ ನಾನು ಇದನ್ನೇ ಮಾಡಿ ಅನ್ನುತ್ತೇನೆ. ಅವರದೇ ಅಳತೆ, ಅವರದೇ ಗ್ರಾಫ್ ಇರುತ್ತದೆ. 1984ರಿಂದ ಇರುವ ನಮ್ಮ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರವನ್ನೂ ಅವರಿಗೆ ಒಮ್ಮೆ ತೋರಿಸಿ.

ಪವರ್ ಬ್ಯಾಂಕ್ ಮೇಲೆ 10,000 ಅಂತ ಬರೆದಿದೆ. ಅಳೆದರೆ 6,300 ಬಂತು. ಮೋಸ ಅಲ್ವಾ?

ಬಹುಪಾಲು ಅಲ್ಲ. 10,000 ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. ಹೊರಗೆ ಬರುವುದು 5 ವೋಲ್ಟ್. 10,000 × 3.7 ÷ 5 ಮಾಡಿದರೆ 7,400. ವೋಲ್ಟೇಜ್ ಏರಿಸುವ ಸರ್ಕ್ಯೂಟ್‌ನಲ್ಲಿ ಇನ್ನಷ್ಟು ಹೋಗುತ್ತದೆ. 6,000ದಿಂದ 6,500 ಬಂದರೆ ಮಾಲು ಸರಿಯಾಗಿದೆ. 3,000 ಬಂದರೆ ವಾಪಸ್ ಕೊಡಿ.

ತೊಗರಿಗೆ ಎಣ್ಣೆ ಹೊಡೆಯುವ ಪಂಪಿನ ಬ್ಯಾಟರಿ ಬೇಗ ಇಳಿಯುತ್ತದೆ. ಅದನ್ನು ಹೇಗೆ ನೋಡುವುದು?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಹೂವು, ಕಾಯಿ ಬಿಡುವ ಹೊತ್ತಿಗೆ ತಪ್ಪದೆ ಬರುತ್ತದೆ. ಬಹಳ ಪಂಪುಗಳಲ್ಲಿ ಇರುವುದು 12 ವೋಲ್ಟ್, 8 ಆಂಪಿಯರ್ ಅವರ್ ಸೀಸದ ಬ್ಯಾಟರಿ. ಇದಕ್ಕೆ 10 ಓಮ್ ರೆಸಿಸ್ಟರ್ ಬೇಡ, ಸುಟ್ಟುಹೋಗುತ್ತದೆ. ಕಾರಿನ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ತಗೊಳ್ಳಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಡಿ. ಆಗ 12.7ರ ಆಸುಪಾಸು ತೋರಿಸಬೇಕು. ಬಲ್ಬ್ ಹಚ್ಚಿ, ಸಮಯ ಬರೆಯಿರಿ. 10.5 ವೋಲ್ಟ್‌ಗೆ ಬಂದ ಕೂಡಲೇ ಬಿಚ್ಚಿ. 8ನ್ನು 1.75ರಿಂದ ಭಾಗಿಸಿ ನಾಲ್ಕೂವರೆ ಗಂಟೆ ಬರಬೇಕು ಅಂತ ಕೂರಬೇಡಿ. ಬ್ಯಾಟರಿ ಮೇಲಿನ 8 ಅನ್ನುವುದು ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ. ಹೊಸ ಬ್ಯಾಟರಿಯೂ ಈ ಬಲ್ಬನ್ನು ಮೂರು, ಮೂರೂವರೆ ಗಂಟೆ ಉರಿಸಿದರೆ ಸರಿ. ಒಂದೂವರೆ ಗಂಟೆಗೇ ಮುಗಿದರೆ ಅದು ಅರ್ಧ ಸತ್ತಿದೆ. ಒಂದೆರಡು ನಿಮಿಷದಲ್ಲೇ ಬಲ್ಬ್ ಮಂಕಾದರೆ ಒಳಗಿನ ಒಂದು ಕೋಶ ಹೋಗಿರುವ ಸಂಭವವೇ ಜಾಸ್ತಿ.

ಪರೀಕ್ಷೆ ಮುಗಿದ ಅದೇ ದಿನ ಚಾರ್ಜ್‌ಗೆ ಹಾಕಿ. ಖಾಲಿ ಇಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ರಾಶಿ ಆದ ಮೇಲೆ ಪಂಪು ಮೂಲೆಗೆ ಸೇರಿ, ಮುಂಗಾರಿನ ತನಕ ಯಾರೂ ಮುಟ್ಟುವುದಿಲ್ಲ. ನಡುವೆ ಪೂರ್ತಿ ಬೇಸಿಗೆ ಹಾದುಹೋಗುತ್ತದೆ. ಬ್ಯಾಟರಿ ಸಾಯುವುದು ಬಹುಮಟ್ಟಿಗೆ ಆ ತಿಂಗಳುಗಳಲ್ಲೇ. ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಇದು ತಪ್ಪುತ್ತದೆ.

ಇನ್ವರ್ಟರ್ ಬ್ಯಾಟರಿಗೂ ಇದೇ ಲೆಕ್ಕವಾ?

ತತ್ವ ಅದೇ. 150 ಆಂಪಿಯರ್ ಅವರ್, 'ಸಿ20' ಅಂತ ಬರೆದಿದ್ದರೆ 7.5 ಆಂಪಿಯರ್‌ನಂತೆ 20 ಗಂಟೆ ಕೊಡುತ್ತದೆ ಅಂತ ಅರ್ಥ. ಮನೆಯಲ್ಲಿ 400 ವ್ಯಾಟ್ ಹಚ್ಚಿದರೆ ಬ್ಯಾಟರಿಯಿಂದ ಸುಮಾರು 40 ಆಂಪಿಯರ್ ಹೋಗುತ್ತದೆ. ಆಗ ಸಿಗುವುದು 150 ಅಲ್ಲ, ಸಾಕಷ್ಟು ಕಡಿಮೆ. ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಸೂತ್ರ ಕೊಟ್ಟಿದ್ದಾರೆ. ಇದನ್ನು ಮನೆಯಲ್ಲಿ ಬಿಚ್ಚಿ ಪರೀಕ್ಷೆ ಮಾಡಬೇಡಿ. ಶಾರ್ಟ್ ಆದರೆ ಪಾನಾ ಕೂಡ ಕರಗುತ್ತದೆ. ಕರೆಂಟ್ ಹೋದಾಗ ಎಷ್ಟು ಫ್ಯಾನು, ಎಷ್ಟು ದೀಪ, ಎಷ್ಟು ಹೊತ್ತು ಅಂತ ಬರೆದಿಡಿ. ಅದೇ ಒಳ್ಳೆಯ ದಾಖಲೆ.

ಹಳೆಯ ಲ್ಯಾಪ್‌ಟಾಪ್‌ನ ಲಿಥಿಯಂ ಸೆಲ್ ಅಳೆಯಬಹುದಾ?

ರೆಸಿಸ್ಟರ್ ಕಟ್ಟಿ ಬಿಟ್ಟು ಹೋಗುವ ವಿಧಾನದಿಂದ ಬೇಡ. 3 ವೋಲ್ಟ್ ಹತ್ತಿರ ತಾನಾಗಿ ಕಡಿಯುವ ಟೆಸ್ಟರ್ ಇದ್ದರೆ ಮಾತ್ರ. ತೀರಾ ಕೆಳಗೆ ಇಳಿದ ಲಿಥಿಯಂ ಸೆಲ್ ಮತ್ತೆ ಚಾರ್ಜ್ ಮಾಡುವಾಗ ಬೆಂಕಿ ಹಿಡಿಯಬಹುದು.

ಬಟನ್ ಸೆಲ್?

2032 ಅಂತ ಬರೆದ 3 ವೋಲ್ಟ್ ಬಿಲ್ಲೆಗೆ 1,000 ಓಮ್ ಹಾಕಿ ಒಂದು ಕ್ಷಣ ನೋಡಿ. 3 ಮಿಲಿ ಆಂಪಿಯರ್ ಹರಿಯುತ್ತದೆ. 2.7ಕ್ಕಿಂತ ಕೆಳಗೆ ಬಿದ್ದರೆ ಬದಲಿಸಿ.

ಸಣ್ಣ ಮಕ್ಕಳಿರುವ ಮನೆಯಲ್ಲಿ ಇವು ಮೇಜಿನ ಮೇಲೆ ಬಿದ್ದಿರಬಾರದು. ಖಾಲಿ ಅಂತ ತೆಗೆದ ಬಿಲ್ಲೆ ಕೂಡ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಡಬಲ್ಲದು. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯದೆ ದೊಡ್ಡ ಆಸ್ಪತ್ರೆಗೆ ಓಡಿ.

ಹಳೆಯದು, ಹೊಸದು ಸೇರಿಸಿ ಹಾಕಬಾರದು ಅಂತಾರಲ್ಲ?

ಹಾಕಬಾರದು. ನಾಲ್ಕು ಸೆಲ್ ಸಾಲಾಗಿ ಇದ್ದಾಗ ಒಂದು ಮೊದಲು ಮುಗಿದರೆ, ಉಳಿದ ಮೂರು ಅದರೊಳಗೆ ಉಲ್ಟಾ ಕರೆಂಟ್ ನುಗ್ಗಿಸುತ್ತವೆ. ಆ ಸೆಲ್ ಸೋರುತ್ತದೆ. ಸಾಮಾನು ನಿಂತಾಗ ಪ್ರತಿ ಸೆಲ್ ಬೇರೆ ಬೇರೆಯಾಗಿ ಲೋಡ್ ಮೇಲೆ ಅಳೆದರೆ ಯಾವುದು ಹೋಗಿದೆ ಅಂತ ತಿಳಿಯುತ್ತದೆ. ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಗೆ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ.

ಪರೀಕ್ಷೆ ಮುಗಿದ ಮೇಲೆ ಖಾಲಿ ಸೆಲ್ ಏನು ಮಾಡುವುದು?

0.9ಕ್ಕೆ ಇಳಿದ ಸೆಲ್ ಒಂದು ರಾತ್ರಿ ಬಿಟ್ಟರೆ ಮತ್ತೆ ಮೇಲೇಳುತ್ತದೆ. ಒಮ್ಮೆ ಗೋಡೆ ಗಡಿಯಾರಕ್ಕೆ ಹಾಕಿ ನೋಡಿ. ನಡೆದರೆ ನಡೆಯಲಿ. ಆದರೆ ತಿಂಗಳಿಗೊಮ್ಮೆ ತೆಗೆದು ಸೋರಿದೆಯಾ ಅಂತ ನೋಡಿ, ಗಡಿಯಾರ ನಿಂತ ದಿನವೇ ತೆಗೆಯಿರಿ.

ನಿಜವಾಗಿ ಮುಗಿದದ್ದನ್ನು ಒಲೆಗೆ ಹಾಕಬೇಡಿ, ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯ ಗೊಬ್ಬರ ನಾಳೆ ನಮ್ಮ ಹೊಲಕ್ಕೇ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಬೇರೆ ಕಸದ ಜೊತೆ ಸೇರಿಸುವಂತಿಲ್ಲ. ಬ್ಯಾಟರಿ ಮೇಲೆ ಕಾಟು ಹಾಕಿದ ಕಸದ ಡಬ್ಬಿಯ ಚಿತ್ರ ಇರುವುದು ಅದಕ್ಕೇ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಒಂದು ಇಡಿ. ಬಟನ್ ಸೆಲ್, 9 ವೋಲ್ಟ್ ಬ್ಯಾಟರಿ, ಲಿಥಿಯಂ ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ ಹಾಕಿ, ಒಂದಕ್ಕೊಂದು ತಾಗಿ ಬಿಸಿಯಾಗುವುದಿಲ್ಲ. ಡಬ್ಬಿ ತುಂಬಿದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಪಂಪು ಮತ್ತು ಇನ್ವರ್ಟರ್‌ನ ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಟ್ಟರೆ ಬಿಲ್ಲಿನಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ.